ಹಿಂದೆ ಕೂತವರು

ಕಳೆದ ವರ್ಷ ಬೆಂಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ ನನ್ನ ಮಗಳ ಕಛೇರಿ ಇತ್ತು. ಅದನ್ನು ಕಛೇರಿ ಎನ್ನಬಹುದೋ ಇಲ್ಲವೋ ನನಗೆ ಈಗಲೂ ತಿಳಿಯದು. ವೇದಿಕೆಯ ಮೇಲೆ ಜಮಖಾನೆ ಇರಲಿಲ್ಲ, ಪಕ್ಕವಾದ್ಯದವರೂ ಇರಲಿಲ್ಲ. ಒಂದು ಮೇಜು, ಅದರ ಮೇಲೊಂದು ಲ್ಯಾಪ್‌ಟಾಪು, ಪಕ್ಕದಲ್ಲಿ ತಿರುಗಿಸುವ ಗುಂಡಿಗಳಿದ್ದ ಅಂಗೈಯಗಲದ ಹಲಗೆ, ಒಂದಿಷ್ಟು ವಯರು. ಮಗಳು ಬಂದು ನಮಸ್ಕಾರ ಮಾಡಿ ಕೂತಳು. ದೀಪ ಆರಿತು. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಅವಳ ಮುಖ ಮಾತ್ರ ಕಾಣುತ್ತಿತ್ತು. ಹಾಲು ಉಕ್ಕೀತೆಂದು ಕಾಯುತ್ತ ನಿಂತವರ ಮುಖದ ಹಾಗೆ.

ಸದ್ದು ಬಂತು. ಮೊದಲು ಎಲ್ಲೋ ದೂರದಿಂದ, ಆಮೇಲೆ ಕುರ್ಚಿಯ ಕಾಲಿನಿಂದಲೇ ಏರಿ ಬಂದ ಹಾಗೆ. ಹತ್ತು ನಿಮಿಷವಾಗಿರಬೇಕು, ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನತ್ತ ಬಾಗಿ, "ಆ ಹುಡುಗಿ ಅಲ್ಲಿ ಏನ್ ಮಾಡ್ತಿದಾಳೆ ಅಂತ ನಿಮಗೆ ಗೊತ್ತಾಯ್ತಾ? ಮೇಲ್ ನೋಡ್ತಾ ಕೂತಿರೋ ಹಾಗಿದೆ" ಎಂದರು. ನಾನು ಅವಳ ತಾಯಿ ಎಂದು ಹೇಳಲಿಲ್ಲ. "ಏನೋ ಮಾಡ್ತಾ ಇರಬೇಕು" ಎಂದೆ.

ಅವರ ಮೇಲೆ ಸಿಟ್ಟು ಬರಲಿಲ್ಲ. ಇದೇ ಪ್ರಶ್ನೆಯನ್ನು ಸುಮಾರು ನಲವತ್ತು ವರ್ಷಗಳ ಹಿಂದೆ ನನ್ನ ಆಯಿ ನನಗೇ ಕೇಳಿದ್ದಳು. ಕುಮಟೆಯ ಒಂದು ಸಂಗೀತ ಕಾರ್ಯಕ್ರಮ ಮುಗಿಸಿ ರಾತ್ರಿ ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಆಯಿ ಬಚ್ಚಲಿನ ಬಾಗಿಲಲ್ಲಿ ನಿಂತು, "ಅಲ್ದನೇ, ಎರಡು ತಾಸು ಅಲ್ಲಿ ಕೂತ್ಕಂಡು ನೀ ಎಂತದ್ದು ಮಾಡ್ದೆ?" ಎಂದಳು. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮಾಸ್ತರು ಹಾಡಿದ್ದು, ತಬಲದವರು ನುಡಿಸಿದ್ದು ಅವಳಿಗೆ ಕಂಡಿತ್ತು. ಹಿಂದೆ ತಂಬೂರಿ ಹಿಡಿದು ಕೂತ ಮಗಳು ಮಾಡಿದ್ದೇನೆಂಬುದು ಮಾತ್ರ ಕಂಡಿರಲಿಲ್ಲ.

ನಮ್ಮ ಹೊಳನಗದ್ದೆ ಕುಮಟೆ ಪೇಟೆಗೆ ಹತ್ತಿರದ ಊರು. ತೆಂಗಿನ ತೋಟ, ಗದ್ದೆ, ಅದರಾಚೆ ಸಮುದ್ರ. ಮಳೆಗಾಲದ ರಾತ್ರಿ ಸಮುದ್ರದ ಮೊರೆತ ಮನೆಯೊಳಗೂ ಕೇಳುತ್ತದೆ. ಊರು ಬಿಟ್ಟು ಹೋದವರಿಗೆ ಮೊದಮೊದಲು ಅದಿಲ್ಲದೆ ನಿದ್ರೆ ಬರುವುದಿಲ್ಲ. ಎಲ್ಲ ಸದ್ದಿಗೂ ಹಿಂದೆ ಇನ್ನೊಂದು ಸದ್ದು ಬೇಕೆಂಬ ಅಭ್ಯಾಸ ನಮ್ಮ ಕಿವಿಗೆ ಹುಟ್ಟಿನಿಂದಲೇ ಬಂದಿದೆಯೋ ಏನೋ.

ಆದರೆ ಶ್ರುತಿ ಎಂಬುದಕ್ಕೆ ಹಿಡಿಯುವವರೊಬ್ಬರು ಬೇಕು ಎಂದು ನನಗೆ ತಿಳಿದದ್ದು ಆಟದ ಚಪ್ಪರದಲ್ಲಿ. ನಮ್ಮ ಕಡೆ ಯಕ್ಷಗಾನಕ್ಕೆ ಆಟ ಎಂದೇ ಹೆಸರು. ಗದ್ದೆ ಕೊಯ್ಲು ಮುಗಿದ ಮೇಲೆ ಬಯಲಲ್ಲಿ ಆಟ. ಹೊನ್ನಾವರದ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರು ಕೇಳಿದರೆ ಸಾಕು, ನಮ್ಮ ಅಪ್ಪಯ್ಯ ಮಧ್ಯಾಹ್ನವೇ ಮಲಗಿ ರಾತ್ರಿಯ ನಿದ್ರೆ ಮುಗಿಸುತ್ತಿದ್ದ. ದೊಡ್ಡವರು ವೇಷ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಭಾಗವತರ ಬದಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ತಿದಿ ಒತ್ತುತ್ತ ಕೂತ ಹುಡುಗನನ್ನು. ಅವನಿಗೆ ಪದ್ಯವಿಲ್ಲ, ಮಾತಿಲ್ಲ, ಕುಣಿತವಿಲ್ಲ. ಒಂದೇ ಸ್ವರ, ಬೆಳಗಿನ ತನಕ. ನಡುರಾತ್ರಿ ಕಳೆದ ಮೇಲೆ ಅವನ ಕಣ್ಣು ಮುಚ್ಚುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ತೊಟ್ಟಿಲು ತೂಗುವಾಗ ನಮಗೆ ನಿಮಗೆ ಆಗುವ ಹಾಗೆ. ಒಮ್ಮೆ ಕೈಯೂ ನಿಂತುಬಿಟ್ಟಿತು. ಭಾಗವತರು ಹಾಡುತ್ತಲೇ ಮೊಣಕೈಯಿಂದ ತಿವಿದರು. ಅಷ್ಟು ಹೊತ್ತು ಯಾರ ಕಿವಿಗೂ ಬೀಳದಿದ್ದ ಶ್ರುತಿ, ನಿಂತ ಕ್ಷಣದಲ್ಲಿ ಎಲ್ಲರಿಗೂ ತಿಳಿಯಿತು.

ಯಕ್ಷಗಾನಕ್ಕೆ ಈ ಪೆಟ್ಟಿಗೆ ಬಂದದ್ದೂ ಆಮೇಲೆ. ಅದಕ್ಕೆ ಮುಂಚೆ ಶ್ರುತಿಗೆ ಪುಂಗಿ ಇತ್ತು. ಸೋರೆ ಬುರುಡೆಗೆ ಕೊಳವೆ ಸಿಕ್ಕಿಸಿ ಊದುವ ವಾದ್ಯ. ಉಸಿರು ಕಡಿಯದಂತೆ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತ ಊದಬೇಕು. ಒಬ್ಬ ಮನುಷ್ಯನ ಕೆನ್ನೆಯ ಕೆಲಸವನ್ನು ಹಾರ್ಮೋನಿಯಮ್ಮಿನ ತಿದಿ ಕೈಗೆ ವರ್ಗಾಯಿಸಿತು. ಅದನ್ನು ಯಾರೂ ಸಂಸ್ಕೃತಿಯ ನಾಶ ಎಂದ ಹಾಗೆ ಕಾಣೆ. ಊದುವವನು ದೇವರಿಗೆ ಕೈಮುಗಿದಿರಬೇಕು.

ಹಾರ್ಮೋನಿಯಮ್ಮಿನ ಮೇಲೆ ಸಿಟ್ಟಾದವರು ಬೇರೆ ಕಡೆ ಇದ್ದರು. ಇವತ್ತು ಭಜನೆಯ ಮನೆಯಲ್ಲೂ ಇರುವ ಈ ಪೆಟ್ಟಿಗೆ ಪರದೇಶದ್ದು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದಬ್ಯಾಂ ಎಂಬವನು ಅದಕ್ಕೆ ಹಕ್ಕುಪತ್ರ ಪಡೆದ. ಅದು ಕಾಲಲ್ಲಿ ತುಳಿಯುವ ವಾದ್ಯ, ಕುರ್ಚಿಯ ಮೇಲೆ ಕೂತು ನುಡಿಸಬೇಕು. ನೆಲದ ಮೇಲೆ ಕೂರುವ ನಮಗೆ ಅನುಕೂಲವಾಗುವಂತೆ ಕೈತಿದಿಯ ಪೆಟ್ಟಿಗೆ ಮಾಡಿದವರು ಕಲಕತ್ತೆಯ ದ್ವಾರಕಾನಾಥ ಘೋಷರು, 1870ರ ದಶಕದಲ್ಲಿ. ನಾಟಕ ಕಂಪನಿಗಳ ಬೆನ್ನಿಗೆ ಅದು ಊರೂರು ತಿರುಗಿತು. ಆದರೆ ಅದರ ಸ್ವರಗಳು ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಗಟ್ಟಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅದಕ್ಕೆ ಬಾರದು. ಈ ಕಾರಣ ಮುಂದೊಡ್ಡಿ ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಹೀಗಾಗಬೇಕೆಂದು ಬಯಸಿದವರಲ್ಲಿ ರವೀಂದ್ರನಾಥ ಠಾಕೂರರೂ ಇದ್ದರು. ನಿಷೇಧ ಸಡಿಲವಾದದ್ದು 1971ರಲ್ಲಿ. ನಡುವೆ ಮೂವತ್ತೊಂದು ವರ್ಷ! ಬೆಳಗಾವಿಯ ರಾಂಭಾವು ಬಿಜಾಪುರೆ ಹುಟ್ಟಿದ್ದು 1917ರಲ್ಲಿ. ಅಂಥ ಹಾರ್ಮೋನಿಯಂ ವಾದಕರ ಪ್ರಾಯದ ಕಾಲವೆಲ್ಲ ತಮ್ಮ ವಾದ್ಯಕ್ಕೆ ರೇಡಿಯೋದ ಬಾಗಿಲು ಮುಚ್ಚಿದ್ದಾಗಲೇ ಕಳೆಯಿತು. ಅವರು 2010ರ ತನಕ ಬಾಳಿ, ಆ ಪೆಟ್ಟಿಗೆಯಿಂದ ಎಂಥ ಗಾಯಕಿಯನ್ನು ಹೊರಡಿಸಬಹುದು ಎಂದು ತೋರಿಸಿದರು. ಗಟ್ಟಿ ಸ್ವರಗಳೆಂದು ದೂರಿದವರು ಕೇಳಿಸಿಕೊಂಡರೋ ಇಲ್ಲವೋ.

ಇರಲಿ, ನನ್ನ ತಂಬೂರಿಗೆ ಬರುತ್ತೇನೆ.

ನಮ್ಮ ಮನೆಯಲ್ಲಿ ಒಂದು ಮಿರಜಿನ ತಂಬೂರಿ ಇತ್ತು. ಅಪ್ಪಯ್ಯನ ಅತ್ತೆಯೊಬ್ಬಳದು. ಅವಳು ಹಾಡುತ್ತಿದ್ದಳೆಂದು ಯಾರೂ ಹೇಳಲಿಲ್ಲ, ತಂಬೂರಿ ಮಾತ್ರ ಇತ್ತು. ಮಿರಜ ನಮ್ಮ ಬೆಳಗಾವಿ ಗಡಿಯಾಚೆಗಿನ ಊರು. ತಲೆಮಾರುಗಳಿಂದ ಸಿತಾರ, ತಂಬೂರಿ ಮಾಡುವ ಮನೆತನಗಳು ಅಲ್ಲಿವೆ. 2024ರಲ್ಲಿ ಅವುಗಳಿಗೆ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿತು. ಸೋರೆ ಬುರುಡೆ, ಮರದ ದಂಡಿ, ನಾಲ್ಕು ತಂತಿ. ತಂತಿ ಹಾದುಹೋಗುವ ಕುದುರೆಯ ಮೇಲೆ ಒಂದೊಂದು ತಂತಿಯ ಅಡಿಗೂ ಒಂದೆಳೆ ನೂಲು ಸೇರಿಸುತ್ತಾರೆ. ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿಯ ಸದ್ದು ತೆರೆದುಕೊಂಡು ಝೇಂಕಾರವಾಗುತ್ತದೆ. ಜವಾರಿ ಎನ್ನುತ್ತಾರೆ. ಕರಾವಳಿಯ ಹವೆಯಲ್ಲಿ ಬೆಳಿಗ್ಗೆ ಕೂಡಿಸಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಮಳೆಗಾಲದಲ್ಲಂತೂ ತಂಬೂರಿಯನ್ನು ಬಾಣಂತಿಯ ಹಾಗೆ ಒಲೆಯ ಕೋಣೆಯ ಪಕ್ಕದಲ್ಲಿ ಇಡುತ್ತಿದ್ದೆವು.

ಮನೆಯಲ್ಲಿ ತಂಬೂರಿ ಇತ್ತೆಂಬ ಕಾರಣಕ್ಕೇ ನನ್ನನ್ನು ಸಂಗೀತಕ್ಕೆ ಹಾಕಿದರು. ಶಾಲೆ ಬಿಟ್ಟ ಮೇಲೆ ಕುಮಟೆಯ ಮಾಸ್ತರರ ಮನೆಯಲ್ಲಿ ಪಾಠ. ಮೂರು ನಾಲ್ಕು ವರ್ಷಕ್ಕೆ ಮಾಸ್ತರರು ತಮ್ಮ ಕಾರ್ಯಕ್ರಮಗಳಿಗೆ ತಂಬೂರಿ ಹಿಡಿಯಲು ನನ್ನನ್ನೂ ಇನ್ನೊಬ್ಬ ಹುಡುಗಿಯನ್ನೂ ಕರೆದೊಯ್ಯತೊಡಗಿದರು. ಕುಮಟೆ, ಹೊನ್ನಾವರ, ಒಮ್ಮೆ ಘಟ್ಟ ಹತ್ತಿ ಶಿರಸಿ. ಅಪ್ಪಯ್ಯ ಒಪ್ಪಿದ್ದಕ್ಕೆ ಕಾರಣವಿತ್ತು. ಹಿಂದೆ ಕೂರುವುದು ತಾನೆ? ಮುಂದೆ ಕೂತು ಬಾಯಿ ತೆರೆದು ಹಾಡುವುದಾಗಿದ್ದರೆ, ನಾಳೆ ಮದುವೆಯಾಗುವ ಹುಡುಗಿ ಎಂಬ ಮಾತು ಬರುತ್ತಿತ್ತು. ಹಳೆಯ ಕಛೇರಿಗಳ ಫೋಟೋ ನಿಮ್ಮ ಮನೆಯಲ್ಲಿದ್ದರೆ ತೆಗೆದು ನೋಡಿ. ಗಾಯಕರ ಹೆಗಲಿನ ಹಿಂದೆ ಅರ್ಧ ಮುಖದ ಹೆಣ್ಣುಮಗಳೊಬ್ಬಳು ಎಷ್ಟೋ ಫೋಟೋಗಳಲ್ಲಿ ಸಿಗುತ್ತಾಳೆ. ಫೋಟೋದ ಕೆಳಗೆ ಅವಳ ಹೆಸರು ಸಿಗುವುದು ಕಡಿಮೆ.

ಆಯಿಯ ಪ್ರಶ್ನೆಗೆ ಅಂದು ಉತ್ತರ ಕೊಡಲಿಲ್ಲ, ಇಂದು ಕೊಡುತ್ತೇನೆ. ತಂಬೂರಿಯವಳು ತಾಳ ಹಾಕುವಂತಿಲ್ಲ, ತಲೆದೂಗುವಂತಿಲ್ಲ. ಹಾಡಿನ ಲಯಕ್ಕೆ ಬೆರಳು ಸಿಕ್ಕಿಕೊಳ್ಳಬಾರದು. ಪಂಚಮ, ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ, ಒಂದು ಆರುವ ಮುನ್ನ ಇನ್ನೊಂದು. ನಡುವೆ ಬಿರಡೆ ಜಾರಿತೆಂದರೆ ಹಾಡುವವರಿಗಿಂತ ಮುಂಚೆ ಅವಳಿಗೆ ಗೊತ್ತಾಗಬೇಕು. ಇಷ್ಟೇ ಕೆಲಸ. ಆದರೆ ಗಾಯಕರ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ಕೂತವಳಿಗೆ ಸಭೆಗೆ ಸಿಗದ ಒಂದು ಸಿಗುತ್ತದೆ. ಅವರು ಎಲ್ಲಿ ಉಸಿರು ತೆಗೆದುಕೊಂಡರು, ಮೇಲಿನ ಷಡ್ಜಕ್ಕೆ ಹೋಗುವ ಮುನ್ನ ಬೆನ್ನು ಹೇಗೆ ನೆಟ್ಟಗಾಯಿತು, ಎಲ್ಲಿ ಹೆದರಿದರು ಎಂಬುದೆಲ್ಲ. ಮಾಸ್ತರರ ಮನೆಯ ಪಾಠದಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ನಾನು ಅವರ ಬೆನ್ನು ನೋಡಿ ಕಲಿತೆ. ಕೊನೆಯಲ್ಲಿ ಮೈಕಿನವರು ಎಲ್ಲರ ಹೆಸರು ಹೇಳಿ, "ತಂಬೂರಿಯಲ್ಲಿ ಶಿಷ್ಯೆಯರು" ಎಂದು ಮುಗಿಸುತ್ತಿದ್ದರು. ಅದೂ ಕೆಲವು ಸಲ.

ಈ ನನ್ನ ಜಾಗವನ್ನು ತೆಗೆದುಕೊಂಡ ಯಂತ್ರ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಜಿ. ರಾಜನಾರಾಯಣ್ ಎಂಬವರು ಹಿಂದುಸ್ತಾನ್ ಏರೋನಾಟಿಕ್ಸಿನಲ್ಲಿ ಎಂಜಿನಿಯರಾಗಿದ್ದವರು, ಕೊಳಲು ನುಡಿಸುವವರು. ಶ್ರುತಿಗೆ ಜನ ಸಿಗದ ಕಷ್ಟ ಸಂಗೀತಗಾರರಿಗೆ ಗೊತ್ತು, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ದಾರಿ ಎಂಜಿನಿಯರಿಗೆ ಗೊತ್ತು. ಎರಡೂ ಒಬ್ಬರಲ್ಲೇ ಇದ್ದವು. 1979ರಲ್ಲಿ ಅವರ ವಿದ್ಯುನ್ಮಾನ ತಂಬೂರಿ ಬಂತು. ರೇಡೆಲ್ ಎಂಬ ಹೆಸರಿನಲ್ಲಿ ಅವರು ಮಾಡಿದ ತಂಬೂರಿ, ಶ್ರುತಿ, ತಬಲದ ಪೆಟ್ಟಿಗೆಗಳು ದೇಶದ ಸಂಗೀತಗಾರರ ಮನೆಗಳಿಗೆಲ್ಲ ಹೋದವು. ಹಳೆಯ ಪೆಟ್ಟಿಗೆಗಳಲ್ಲಿ ತಂತಿಯೇ ಇರಲಿಲ್ಲ, ಸರ್ಕ್ಯೂಟು ತಂತಿಯ ಸದ್ದನ್ನು ಅನುಕರಿಸುತ್ತಿತ್ತು. ಆಮೇಲಿನವುಗಳಲ್ಲಿ ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿ ಚಿಪ್ಪಿನೊಳಗೆ ಇಟ್ಟರು. ಯಾರ ಬೆರಳು ಮೀಟಿದ ತಂಬೂರಿಯೋ ಎಂದು ಆ ಪೆಟ್ಟಿಗೆ ಕಂಡಾಗಲೆಲ್ಲ ಯೋಚಿಸುತ್ತೇನೆ.

ಮಾಸ್ತರರ ಮನೆಗೆ ಪೆಟ್ಟಿಗೆ ಬಂದದ್ದು ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಕರಿ ಒಂದು ಎಂದರೆ ಕರಿ ಒಂದು, ಬಿಳಿ ನಾಲ್ಕು ಎಂದರೆ ಬಿಳಿ ನಾಲ್ಕು, ಗುಂಡಿ ತಿರುಗಿಸಿದರಾಯಿತು. ಮಾಸ್ತರರು ಮಗುವಿನ ಹಾಗೆ ಖುಷಿಪಟ್ಟು, "ಇನ್ನು ನಿಂಗೆ ರಾತ್ರಿ ಬಸ್ಸು ಹುಡುಕುವ ಕಷ್ಟ ಇಲ್ಲ ನೋಡು" ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ನಕ್ಕೆ. ಮುಂದಿನ ತಿಂಗಳ ಕಾರ್ಯಕ್ರಮವನ್ನು ಸಭೆಯಲ್ಲಿ ಕೂತು ಕೇಳಿದೆ. ವೇದಿಕೆಯ ಮೇಲೆ ನಾನು ಕೂರುವ ಜಾಗದಲ್ಲಿ ಪೆಟ್ಟಿಗೆ ಇತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಅರ್ಧಕ್ಕೆ ಕರೆಂಟು ಹೋಯಿತು. ಮೈಕು ಸತ್ತಿತು, ಶ್ರುತಿಯೂ ಸತ್ತಿತು. ಮಾಸ್ತರರು ನಿಲ್ಲಿಸಲಿಲ್ಲ, ಕತ್ತಲಲ್ಲೇ ಹಾಡಿದರು. ಆದರೆ ಅವರ ಷಡ್ಜ ನೂಲಿನಷ್ಟು ಕೆಳಗೆ ಜಾರುತ್ತ ಹೋದದ್ದು ನನಗೆ ಕೇಳಿಸಿತು. ಎದ್ದು ಹೋಗಿ ಹಿಂದೆ ಕೂರಬೇಕೆನ್ನಿಸಿತು. ತಂಬೂರಿ ಮನೆಯಲ್ಲಿತ್ತು.

ಈ ಸಂಕಟವನ್ನು ಹಿಡಿದುಕೊಂಡು ನಾನು ಯಂತ್ರವನ್ನು ಬೈದು ಬರೆಯಬಹುದಿತ್ತು. ಬರೆದರೆ ಸುಳ್ಳಾಗುತ್ತದೆ. ಬಿ.ಎಡ್. ಆಯಿತು, ಕೆಲಸ ಸಿಕ್ಕಿತು, ಮದುವೆಯಾಯಿತು. ಹೊಸ ಊರಿನ ಬಾಡಿಗೆ ಮನೆಯಲ್ಲಿ ತಂಬೂರಿ ನಿಲ್ಲಿಸಲು ಮೂಲೆ ಇರಲಿಲ್ಲ, ನನಗಾಗಿ ಅದನ್ನು ಮೀಟುವವರಂತೂ ಮೊದಲೇ ಇಲ್ಲ. ಎರಡನೆಯ ಸಂಬಳದಲ್ಲಿ ಅದೇ ಪೆಟ್ಟಿಗೆ ತಂದೆ. ಬೆಳಿಗ್ಗೆ ನಾಲ್ಕೂವರೆಗೆ ಅಡಿಗೆಮನೆಯ ಬಾಗಿಲು ಹಾಕಿ, ಸದ್ದು ಕಡಿಮೆ ಮಾಡಿ, ಕುಕ್ಕರು ಕೂಗುವ ತನಕ ಹಾಡಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಅಕ್ಕೋರು, ಮನೆಯಲ್ಲಿ ಎಲ್ಲರಿಗೂ ಎಲ್ಲವೂ. ಆ ಅರ್ಧ ತಾಸು ಮಾತ್ರ ನನ್ನದು. ನನ್ನನ್ನು ವೇದಿಕೆಯಿಂದ ಇಳಿಸಿದ ಪೆಟ್ಟಿಗೆಯೇ ಒಲೆಯ ಮುಂದೆ ನನಗೆ ಶ್ರುತಿ ಹಿಡಿಯಿತು. ನಿಮ್ಮಲ್ಲಿ ಹೀಗೆ ಹಾಡು ಉಳಿಸಿಕೊಂಡವರು ಎಷ್ಟು ಜನವೋ. ಕಲಿಯಲು ಇಬ್ಬರು ಬೇಕಿದ್ದ ವಿದ್ಯೆಯನ್ನು ಒಬ್ಬಳೇ ಅಭ್ಯಾಸ ಮಾಡುವ ಹಾಗೆ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೂ, ಹಿಂದೆ ಕೂತು ಬೆನ್ನು ನೋಡಿ ಕಲಿಯುವ ಹುಡುಗಿಯ ಜಾಗ ಹೋಯಿತು ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಮಗಳು ಈ ಪೆಟ್ಟಿಗೆಯ ಸದ್ದಿಗೆ ತೊಟ್ಟಿಲಲ್ಲಿ ಮಲಗಿದವಳು. ಹಾಡು ಕಲಿ ಎಂದರೆ ಕಲಿಯಲಿಲ್ಲ, ಪೆಟ್ಟಿಗೆ ಬಿಚ್ಚಿ ಒಳಗೆ ನೋಡಿದಳು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ರಜೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುತ್ತೇನೆ ಎಂದಾಗ ನನಗೆ ಹೇಳಿಕೊಟ್ಟ ಚರಿತ್ರೆ ಇದು. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ತಾವು ಬರೆದ ಕ್ರಮವಿಧಿಯಿಂದ ಗಣಕಯಂತ್ರದಲ್ಲಿ ಸಂಗೀತ ಹೊರಡಿಸಿದರು. ಮೊದಲ ತುಣುಕು ಹದಿನೇಳು ಸೆಕೆಂಡಿನದು. ಯಂತ್ರ ಕೋಣೆಯಷ್ಟು ದೊಡ್ಡದು, ಲೆಕ್ಕ ಮಾಡುವುದು ನಿಧಾನ. ಇಂದಿನ ಸಿ.ಡಿ.ಯ ಲೆಕ್ಕದಲ್ಲಿ ಒಂದು ಸೆಕೆಂಡಿನ ಸದ್ದಿಗೆ 44,100 ಅಂಕಿಗಳು ಬೇಕು. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಟೇಪು, ಆಮೇಲೆ ಕೇಳುವುದು. ಸಭೆಯ ಎದುರಿಗೆ, ಆ ಕ್ಷಣದಲ್ಲೇ ನುಡಿಸುವುದು ಆಗದ ಮಾತಾಗಿತ್ತು. 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಎಂಬವರು ಕಾರ್ಯಕ್ರಮ ನಡೆಯುತ್ತಿರುವಾಗಲೇ ಯಂತ್ರವನ್ನು ಆಳುವ ಸಾಧನ ಕಟ್ಟಿದರು. ಅದಕ್ಕೆ ಮ್ಯಾಕ್ಸ್ ಎಂದೇ ಹೆಸರಿಟ್ಟರು. ತೊಂಬತ್ತರ ದಶಕದ ಕೊನೆಗೆ ಆ ಲೆಕ್ಕವನ್ನೆಲ್ಲ ತೊಡೆಯ ಮೇಲಿನ ಯಂತ್ರವೇ ಮಾಡುವಂತಾಯಿತು. 2001ರಲ್ಲಿ ಬರ್ಲಿನ್ನಿನಿಂದ ಏಬಲ್ಟನ್ ಲೈವ್ ಎಂಬ ತಂತ್ರಾಂಶ ಬಂದಿತು. ವೇದಿಕೆಯ ಮೇಲೆ ಲ್ಯಾಪ್‌ಟಾಪು ಸಾಮಾನ್ಯವಾಯಿತು. ಜೊತೆಗೇ ಕೇಳುಗರ ಗೊಣಗಾಟವೂ ಶುರುವಾಯಿತು: ಇವರು ನುಡಿಸುತ್ತಿದ್ದಾರೋ, ಮೇಲ್ ನೋಡುತ್ತಿದ್ದಾರೋ? ಬೆಂಗಳೂರಿನ ಆ ಹೆಂಗಸು ಕೇಳಿದ್ದು ಹೊಸ ಪ್ರಶ್ನೆಯಲ್ಲ ನೋಡಿ. ಈ ಗೊಣಗಾಟಕ್ಕೆ ಉತ್ತರವೆಂಬಂತೆ 2004ರಲ್ಲಿ ಹ್ಯಾಂಬರ್ಗಿನಲ್ಲಿ ಸೇರಿದ ಒಂದು ಗುಂಪು, ತಾವು ಬರೆಯುವ ಪ್ರತಿಯೊಂದು ಅಕ್ಷರವೂ ಸಭೆಗೆ ಕಾಣುವಂತೆ ಪರದೆಯ ಮೇಲೆ ಹಾಕತೊಡಗಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮಾತ್ರ ಅಹಮದಾಬಾದಿನ ಕತೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥೆಸೈಸರ್ ಬಂದಿತ್ತು. ಬೀರುವಿನಂಥ ಪೆಟ್ಟಿಗೆ, ಮೈತುಂಬ ವಯರು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅದನ್ನು ಹೂಡಿಕೊಟ್ಟರು. ಅದರಲ್ಲಿ ಸಂಗೀತ ಮಾಡಿದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ವಿಕ್ರಮ ಸಾರಾಭಾಯಿಯವರ ಸೋದರಿ, ಹೆಂಗಸರು ಮುಟ್ಟದಿದ್ದ ಪಖಾವಜ್ ಕಲಿತವರು, 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಪ್ರಸಿದ್ಧ ಸಂಗೀತಗಾರರಿಗೆ ನಮ್ಮ ಸಂಗೀತ ಹೇಳಿಕೊಟ್ಟು ಅವರಿಂದ ಪಶ್ಚಿಮದ್ದನ್ನು ಕಲಿತು ಬಂದವರು. ಕೆಲವೇ ವರ್ಷಗಳಲ್ಲಿ ಆ ಸ್ಟುಡಿಯೋ ನಿಂತಿತು. ಟೇಪುಗಳು ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ಮಲಗಿದ್ದವು. 2023ರಲ್ಲಿ ಅವು ಲೋಕದ ಕೈಗೆ ಬಂದವು. ಕೇಜ್ ಹೆಸರು ಬಲ್ಲವರು ಗೀತಾ ಹೆಸರು ಬಲ್ಲರೇ? ನಾನೂ ಬಲ್ಲವಳಾಗಿರಲಿಲ್ಲ. ಮಗಳು ಹೇಳಿದ ಮೇಲೆ ತಿಳಿಯಿತು.

ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದವಳು ಅಟ್ಟದಿಂದ ತಂಬೂರಿ ಇಳಿಸಿದಳು. ಬುರುಡೆಗೆ ಒಂದು ಬಿರುಕು ಬಿದ್ದಿತ್ತು. "ಆಯಿ, ಇದನ್ನ ಕೂಡ್ಸಿ ಕೊಡು" ಎಂದಳು. ನೂಲು ಸರಿಸುವುದು ಬೆರಳಿಗೆ ಮರೆತಿರಲಿಲ್ಲ. ಹಿತ್ತಲ ಕಡೆಯ ಕೋಣೆಯಲ್ಲಿ ಮೈಕು ನಿಲ್ಲಿಸಿ, "ಮೀಟ್ತಾ ಇರು, ನಾ ಹೇಳೂವರೆಗೆ ನಿಲ್ಲಸ್ಬೇಡ" ಎಂದಳು. ಕಾಲು ತಾಸು ಕಳೆದಾಗ ನನ್ನ ಕಣ್ಣು ಮುಚ್ಚಿತ್ತು, ಆಟದ ಚಪ್ಪರದ ಹುಡುಗನ ಹಾಗೆ. ಹೊರಗೆ ಸಮುದ್ರವಿತ್ತು. ಬಿರುಕಿನಿಂದಾಗಿ ಮಂದ್ರದ ತಂತಿ ತುಸು ಗೊಗ್ಗರಾಗಿತ್ತು. ಸರಿಮಾಡಿಸಿ ಇನ್ನೊಮ್ಮೆ ಮುದ್ರಿಸೋಣ ಎಂದೆ. ಬೇಡವೆಂದಳು.

ಬೆಂಗಳೂರಿನ ಆ ಸಭಾಂಗಣದಲ್ಲಿ ಕುರ್ಚಿಯ ಕಾಲಿನಿಂದ ಏರಿ ಬಂದದ್ದು ಅದೇ ಗೊಗ್ಗರು ಮಂದ್ರ. ಯಾರಿಗೂ ತಿಳಿಯುವಂತಿರಲಿಲ್ಲ. ಅದನ್ನು ಅವಳು ಸಾಸಿವೆಗಿಂತ ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದೊಂದನ್ನೂ ಎಳೆದು, ಒಂದರ ಮೇಲೊಂದು ಹಾಸಿದ್ದಳು. ಯಾವ ಚೂರು ಎಷ್ಟು ಹೊತ್ತು, ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನೆಲ್ಲ ಅಲ್ಲೇ ಕೂತು, ಕೇಳುತ್ತ, ಗುಂಡಿ ತಿರುಗಿಸುತ್ತ ತೀರ್ಮಾನಿಸುತ್ತಿದ್ದಳು. ಅವಳ ಬೆನ್ನು ನನಗೆ ಕಾಣುತ್ತಿರಲಿಲ್ಲ. ಆದರೆ ಸದ್ದು ಏರುವ ಮುನ್ನ ಒಮ್ಮೆ ಹೆಗಲು ಎತ್ತಿ ಉಸಿರು ತೆಗೆದುಕೊಂಡಳು. ಹೆದರಿದ್ದಾಳೆ ಎಂದು ಗೊತ್ತಾಯಿತು.

ಬಾಗಿಲಲ್ಲಿ ಕೊಟ್ಟ ಕಾಗದವನ್ನು ಓದದೆ ಚೀಲಕ್ಕೆ ಹಾಕಿಕೊಂಡಿದ್ದೆ. ಕುಮಟೆಗೆ ಮರಳುವ ರೈಲಿನಲ್ಲಿ ಕನ್ನಡಕ ಹುಡುಕುವಾಗ ಕೈಗೆ ಸಿಕ್ಕಿತು. ಕೆಳಗಿನ ಸಾಲಿನಲ್ಲಿ "ತಂಬೂರಿ" ಎಂದು ಬರೆದು ಮುಂದೆ ನನ್ನ ಹೆಸರು ಹಾಕಿದ್ದರು. ಇನಿಷಿಯಲ್ ತಪ್ಪಿತ್ತು, ಮದುವೆಗೆ ಮುಂಚಿನದು. ಫೋನು ಮಾಡಿ ಹೇಳಿದೆ. "ನೀ ಸ್ಟೇಜಲ್ಲಿ ತಂಬೂರಿ ಹಿಡೀತಿದ್ದಾಗ ಅದೇ ಇತ್ತಲ್ದಾ?" ಎಂದಳು. ಊಟ ಮಾಡಿದೆಯಾ ಎಂದು ಕೇಳಿ ಫೋನಿಟ್ಟೆ.

ಬುರುಡೆಯ ಬಿರುಕು ಈ ಮಳೆಗಾಲದಲ್ಲಿ ಇನ್ನೊಂದು ಬೆರಳಷ್ಟು ಉದ್ದವಾಗಿದೆ. ಮಿರಜಿಗೆ ಒಯ್ಯಬೇಕು. ಒಯ್ಯುವ ಮುನ್ನ ಇನ್ನೊಮ್ಮೆ ಮುದ್ರಿಸಿಕೊಳ್ಳುತ್ತೇನೆ, ತಾನು ಬರುವ ತನಕ ಮುಟ್ಟಬೇಡ ಎಂದು ಮಗಳು ಹೇಳಿದ್ದಾಳೆ.